ಹಸಿರು ಗೇಟಿನ ಮನೆಗೆ ಐದಕ್ಕೆ ನಾಲ್ಕು ಸ್ಟಾರ್

ಬೋರ್ಡ್ ಹುಡುಕಬೇಡಿ, ಇಲ್ಲ. ಬಳ್ಳಾರಿ ಸತ್ಯನಾರಾಯಣಪೇಟೆ ಕಡೆಯ ಒಂದು ಓಣಿ, ಹಸಿರು ಬಣ್ಣದ ಗೇಟು, ಗೇಟಿನ ಕೆಳಗಿನ ಸಂದಿಯಲ್ಲಿ ಪುಟ್ಟ ಕಾಲು ಹೊರಗೆ ಬರದಂಗೆ ಬಡಿದ ತಗಡಿನ ಪಟ್ಟಿ. ಅಪ್ಪ-ಅಮ್ಮ ದುಡಿಯೋಕೆ ಹೋದಾಗ ಮಕ್ಕಳನ್ನ ನೋಡಿಕೊಳ್ಳೋ ಮನೆ ಇದು. ಒಳಗೆ ಐದು ಮಕ್ಕಳು. ಆರನೆಯದನ್ನ ತಗೊಳ್ಳೋದಿಲ್ಲ. ಮನೆಯೊಡತಿಯನ್ನ ಮಕ್ಕಳು, ಮಕ್ಕಳ ಅಪ್ಪ-ಅಮ್ಮಂದಿರು, ಹಾಲಿನವನು, ಎಲ್ಲರೂ ಅಕ್ಕ ಅಂತಾರೆ. ನಾನೂ ಹಂಗೇ ಕರೀತೀನಿ. ಮಗಳನ್ನ ಅಲ್ಲಿ ಬಿಡೋಕೆ ಶುರು ಮಾಡಿ ಮೊನ್ನೆಗೆ ಒಂದು ವರ್ಷ ತುಂಬಿತು. ನಿಮ್ಮ ಬಗ್ಗೆ ಬರೀಲಾ ಅಂತ ಕೇಳಿದೆ. "ಬರೀರಿ. ಹೆಸರು, ನಂಬರು ಹಾಕಬ್ಯಾಡ್ರಿ. ಬೈಯೋದಿದ್ರೆ ಅದನ್ನೂ ಬರೀರಿ, ಇಲ್ಲಾಂದ್ರೆ ರೊಕ್ಕ ಕೊಟ್ಟು ಬರೆಸ್ಯಾಳ ಅಂತಾರೆ" ಅಂದ್ರು. ಬೈಯೋದು ಇದೆ. ನನ್ನನ್ನ ನಾನೇ ಬೈಕೊಳ್ಳೋದು ಅದಕ್ಕಿಂತ ಜಾಸ್ತಿ ಇದೆ.

ನಾನು ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಾಸಿಸ್ಟ್. ನಮ್ಮ ಯಜಮಾನ್ರು ತೋರಣಗಲ್ಲಿಗೆ ಶಿಫ್ಟ್ ಮೇಲೆ ಹೋಗ್ತಾರೆ, ಒಂದೊಂದು ವಾರ ಒಂದೊಂದು ಹೊತ್ತಿಗೆ ನಿದ್ದೆ, ಊಟ. ಹೆರಿಗೆ ರಜೆ 26 ವಾರ ಅಂತ 2017ರಲ್ಲಿ ತಿದ್ದುಪಡಿ ಆಯ್ತಲ್ಲ, ಐವತ್ತು ಜನ ದುಡಿಯೋ ಕಡೆ ಮಕ್ಕಳನ್ನ ನೋಡಿಕೊಳ್ಳೋ ಕೋಣೆ ಇರಬೇಕು ಅಂತಲೂ ಬಂತು. ಓದೋಕೆ ಚೆನ್ನಾಗಿದೆ. ನಮ್ಮ ಅಂಗಡೀಲಿ ಓನರ್ ಸೇರಿ ನಾಲ್ಕು ಜನ, ಹತ್ತು ಜನ ಇಲ್ಲದ ಅಂಗಡಿಗೆ ಆ ಕಾನೂನು ತಾಗೋದೇ ಇಲ್ಲ. ಓನರ್ ಮನಸ್ಸು ಮಾಡಿ ಮೂರು ತಿಂಗಳು ಕೊಟ್ಟರು. ಆಮೇಲೆ ಆರು ತಿಂಗಳು ನಮ್ಮಮ್ಮ ಬಂದು ಇದ್ದಳು. ಅಂಗನವಾಡಿಗೆ ಕಳಿಸೋಣ ಅಂದ್ರೆ ಮೂರು ವರ್ಷ ಆಗಬೇಕು, ಆದಮೇಲೂ ಅದು ಸಂಜೆ ತನಕ ಇರೋದಿಲ್ಲ. ಸರ್ಕಾರದ ಕೂಸಿನ ಮನೆ ಇರೋದು ಪಂಚಾಯ್ತಿ ಊರುಗಳಲ್ಲಿ, ಅಲ್ಲಿ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ. ಪೇಟೆಯಲ್ಲಿ ದುಡಿಯೋ ನನ್ನಂಥೋರಿಗೆ ಉಳಿದಿದ್ದು ಯಾರದೋ ಮನೆ, ಯಾರದೋ ಮಡಿಲು.

ಮೊದಲು ಬಿಟ್ಟಿದ್ದು ಬೇರೆ ಮನೇಲಿ. ಯಾವುದು ಅಂತ ಹೇಳೋದಿಲ್ಲ, ಆಕೆ ಕೆಟ್ಟವಳೇನಲ್ಲ. ಸಂಜೆ ಹೋಗಿ ಕೇಳಿದರೆ ದಿನಾ ಒಂದೇ ಮಾತು: "ಆರಾಮಿದ್ಲು ನೋಡ್ರಿ." ಊಟ? ಆರಾಮ್ ಮಾಡಿದ್ಲು. ನಿದ್ದೆ? ಆರಾಮ್. ಮೂರು ತಿಂಗಳು ಅದನ್ನೇ ಕೇಳಿಸಿಕೊಂಡು ಬಂದೆ, ಯಾಕಂದ್ರೆ ನನಗೂ ಅದೇ ಬೇಕಿತ್ತು. ಒಂದು ಮಧ್ಯಾಹ್ನ ತಲೆನೋವು ಅಂತ ಬೇಗ ಬಿಟ್ಟು ಹೋದರೆ ಮನೆಗೆ ಬೀಗ. ಮಗಳು ಪಕ್ಕದ ಮನೆಯಲ್ಲಿ, ನಾನು ಒಮ್ಮೆಯೂ ನೋಡಿರದ ಒಬ್ಬ ಅಜ್ಜಿಯ ಕಾಲ ಮೇಲೆ ಮಲಗಿದ್ದಳು. ಬೀಗ ಹಾಕಿದ್ದ ಮನೆಯಾಕೆ ಮದುವೆಗೆ ಹೋಗಿದ್ದರು. "ಹೇಳಿದ್ರೆ ನೀವು ಟೆನ್ಷನ್ ಮಾಡ್ಕೊಂತೀರಿ ಅಂತ ಹೇಳ್ಲಿಲ್ಲ" ಅಂದರು. ಆ ಅಜ್ಜಿ ಮಗುವನ್ನ ಚೆನ್ನಾಗೇ ನೋಡಿಕೊಂಡಿದ್ದಳು. ಅದೇ ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸ್ತು, ಎಷ್ಟು ಸಲ ಹೀಗಾಗಿರಬಹುದು ಅಂತ.

ಅಲ್ಲಿಂದ ಹಸಿರು ಗೇಟಿಗೆ. ಮೊದಲ ದಿನ ನಾನು ನನ್ನ ಫೋನಿನಲ್ಲಿ ಹದಿನಾಲ್ಕು ಪ್ರಶ್ನೆ ಬರ್ಕೊಂಡು ಹೋಗಿದ್ದೆ. ಅಕ್ಕ ಕೂರಿಸಿ, ನೀರು ಕೊಟ್ಟು, ಕೆಂಪು ರಟ್ಟಿನ ಖಾತೆ ಪುಸ್ತಕ ತೆಗೆದು, "ಮೊದ್ಲು ನಾ ಕೇಳ್ತೀನಿ" ಅಂದ್ರು. ಮುಕ್ಕಾಲು ತಾಸು ಕೇಳಿದ್ರು. ಮಗು ಒಂದಕ್ಕೆ ಏನಂತಾಳೆ? ತೊಟ್ಟಿಲೋ, ಕಾಲೋ, ಹೆಗಲೋ? ಯಾವ ಸಪ್ಪಳಕ್ಕೆ ಹೆದರ್ತಾಳೆ? (ಮಿಕ್ಸಿ. ಅದನ್ನ ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ.) ಇಬ್ಬರೂ ಬರೋಕಾಗಲಿಲ್ಲ ಅಂದ್ರೆ ಯಾರು ಬರ್ತಾರೆ, ಅವರ ಫೋಟೋ ಕೊಡ್ರಿ. ಲಸಿಕೆ ಕಾರ್ಡ್ ತೋರಿಸ್ರಿ. ಆಮೇಲೆ ಪೆನ್ನು ಕೆಳಗಿಟ್ಟು:

"ಮನ್ಯಾಗ ಹೊಡೀತೀರೇನು?"

"ಇಲ್ಲಪ್ಪ."

"ಒಮ್ಮೊಮ್ಮೆ?"

ನಾನು ಫ್ಯಾನ್ ನೋಡಿದೆ.

"ನಾ ಹೊಡ್ಯಂಗಿಲ್ಲ. ನೀವು ಹೊಡ್ದು ಕಳಿಸಿದ್ರೆ ಅದು ಇಲ್ಲಿ ಸಣ್ಣದಕ್ಕೆ ಹೊಡೀತೈತೆ. ಅದಕ್ಕೇ ಕೇಳ್ದೆ, ಬ್ಯಾಸ್ರ ಮಾಡ್ಕೋಬ್ಯಾಡ್ರಿ."

ಆಮೇಲೆ ತಮ್ಮ ಕಡೆಯ ಮಾತು. ತಿಂಗಳಿಗೆ 4,500, ಒಂದನೇ ತಾರೀಖು ಮುಂಗಡ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ. ಕಾಲು ತಾಸು ಮಾಫಿ, ದಾಟಿದರೆ ಅರ್ಧ ತಾಸಿಗೆ 50 ರೂಪಾಯಿ. ಜ್ವರ 100 ದಾಟಿದ ಮಗುವನ್ನ, ಬೇಧಿ ಆಗ್ತಿರೋ ಮಗುವನ್ನ, ಕೈಕಾಲು ಬಾಯಲ್ಲಿ ಗುಳ್ಳೆ ಎದ್ದ ಮಗುವನ್ನ ಒಳಗೆ ಬಿಡಂಗಿಲ್ಲ. ಮೊಟ್ಟೆ ಅವರ ಮನೆಯಲ್ಲಿ ನಡೆಯೋದಿಲ್ಲ, ಕಟ್ಟಿಕೊಟ್ಟರೂ ತಿನ್ನಿಸೋದಿಲ್ಲ. ಸಂಜೆ ಅರ್ಧ ತಾಸು ಟಿವಿ ಇರ್ತದೆ, "ಅಡಿಗಿ ಮನಿ ತೊಳೀಬೇಕಲ್ರಿ, ಸುಳ್ಳು ಯಾಕ ಹೇಳ್ಲಿ." ದಿನಕ್ಕೆ ಹತ್ತು ಫೋಟೋ ಕಳಿಸ್ರಿ ಅನ್ನೋರು ಬೇರೆ ಕಡೆ ನೋಡಿಕೊಳ್ಳಲಿ, ಫೋನ್ ಹಿಡಿದ ಕೈಯಿಂದ ಮಗು ಹಿಡಿಯೋಕಾಗಲ್ಲ.

ಮೊಟ್ಟೆ ವಿಷಯಕ್ಕೆ ನನಗೆ ಸಿಟ್ಟು ಬಂತು. ಮಕ್ಕಳ ಡಾಕ್ಟರು ದಿನಾ ಒಂದು ಕೊಡಿ ಅಂದಿದ್ದರು. ಆದರೆ ದಾರಿಯುದ್ದಕ್ಕೂ ಯೋಚನೆ ಮಾಡಿದೆ: ಹಿಂದಿನ ಮನೆಯಾಗಿದ್ರೆ "ಹೂಂ ಕೊಡ್ತೀನಿ" ಅಂದು ಡಬ್ಬಿ ಖಾಲಿ ಮಾಡಿ ಕಳಿಸ್ತಿದ್ದರು. ಮೊಟ್ಟೆ ರಾತ್ರಿಗೆ ಹೋಯ್ತು. ಮಧ್ಯಾಹ್ನಕ್ಕೆ ಅಕ್ಕನ ಮನೆಯ ಮೆತ್ತನ್ನ ಅನ್ನ, ಪಪ್ಪು (ಬೇಳೆ ತೊವ್ವೆ), ತುಪ್ಪ, ಹಾಲಲ್ಲಿ ನೆನೆಸಿ ಕಿವುಚಿದ ಜೋಳದ ರೊಟ್ಟಿ.

ಈಗ ಆ ಖಾತೆ ಪುಸ್ತಕದ ಬಗ್ಗೆ. ಪ್ರತಿ ಮಗುವಿಗೆ ದಿನಕ್ಕೆ ನಾಲ್ಕೈದು ಸಾಲು. ಏಳನೇ ಕ್ಲಾಸು ಓದಿದ ದುಂಡು ಅಕ್ಷರ. "11.10 ಅನ್ನ ಅರ್ಧ ಬಟ್ಟಲು, ಪಪ್ಪು ಉಗುಳಿದಳು. 12.40 ಮಲಗಿದಳು. 2.10 ಎದ್ದಳು, ಅತ್ತಳು, ಕಾರಣ ತಿಳಿಯಲಿಲ್ಲ. ಒಂದಕ್ಕೆ 4. ಎರಡಕ್ಕೆ 1, ಗಟ್ಟಿ. ಎಡ ಮೊಣಕಾಲು ತರಚಿದೆ, ಹೊಸ್ತಿಲು ಎಡವಿದಳು, ನಾನು ಅಡಿಗೆ ಮನೆಯಲ್ಲಿದ್ದೆ." ಈ ಕೊನೆಯ ಮೂರು ಪದಕ್ಕೆ ನಾನು ಸೋತೆ. ಬಿದ್ದಳು ಅಂತ ಬರೆದಿದ್ದರೂ ನಾನು ನಂಬ್ತಿದ್ದೆ. ತಾನು ಎಲ್ಲಿದ್ದೆ ಅನ್ನೋದನ್ನ ಆಕೆ ಯಾರೂ ಕೇಳದೆ ಬರೆದಿದ್ದರು. "ಕಾರಣ ತಿಳಿಯಲಿಲ್ಲ" ಅನ್ನೋದೂ ಅಷ್ಟೇ. ಗೊತ್ತಿಲ್ಲದ್ದಕ್ಕೆ ಕಥೆ ಕಟ್ಟೋದಿಲ್ಲ.

ಒಂದಕ್ಕೆ ಎಷ್ಟು ಸಲ ಅಂತ ಎಣಿಸೋದು ಮೊದಲು ಅತಿ ಅನ್ನಿಸಿತ್ತು. ಏಪ್ರಿಲ್‌ನಲ್ಲಿ ಅರ್ಥ ಆಯ್ತು. ನಮ್ಮೂರಿನ ಬಿಸಿಲು ಗೊತ್ತಲ್ಲ, ನಲವತ್ತು ದಾಟಿದ ಮೇಲೆ ಫ್ಯಾನೂ ಬಿಸಿಗಾಳಿಯನ್ನೇ ತಿರುಗಿಸ್ತದೆ, ಅದೂ ಕರೆಂಟ್ ಇದ್ದರೆ. ಆರು ತಾಸು ಮಗು ಒಂದಕ್ಕೆ ಹೋಗಲಿಲ್ಲ ಅಂದ್ರೆ ಅಕ್ಕ ಫೋನ್ ಮಾಡ್ತಾರೆ. ನೀರಿನಂಶ ಕಡಿಮೆ ಆಗ್ತಿದೆ ಅನ್ನೋದಕ್ಕೆ ಅದೊಂದು ಮುಖ್ಯ ಗುರುತು ಅಂತ ನಾನು ಕೌಂಟರ್‌ನಲ್ಲಿ ನಿಂತು ಬೇರೆಯವರಿಗೆ ಹೇಳ್ತೀನಿ, ಆಕೆ ಸುಣ್ಣದ ಗೋಡೆಗೆ ಒರಗಿ ಎಣಿಸ್ತಾರೆ. ಒಂದು ಸಲ ಮಾತ್ರ ನಾನು ತಿದ್ದಬೇಕಾಯ್ತು. ಬೇರೊಂದು ಮಗುವಿಗೆ ಬೇಧಿ ಶುರುವಾದಾಗ, ಅವರಮ್ಮ ಬರೋ ತನಕ ಅಂತ ಓಆರ್‌ಎಸ್ ದೊಡ್ಡ ಪ್ಯಾಕೆಟನ್ನ ಒಂದು ಲೋಟ ನೀರಿಗೆ ಸುರಿದಿದ್ದರು. ಅದು ಒಂದು ಲೀಟರಿಗೆ ಮಾಡಿದ ಪುಡಿ. ಗಟ್ಟಿಯಾಗಿ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಉಲ್ಟಾ ಕೆಡುಕು. ಅದೃಷ್ಟಕ್ಕೆ ನಾನು ಆಗ ಅಲ್ಲೇ ಇದ್ದೆ, ಕುಡಿಸಿರಲಿಲ್ಲ. ಹೇಳಿದೆ. ಅಕ್ಕ ಮುಖ ಸಣ್ಣ ಮಾಡಿಕೊಳ್ಳಲಿಲ್ಲ, ಲೋಟ ಚೆಲ್ಲಿ, ಲೀಟರ್ ಬಾಟಲಿಯೊಂದಕ್ಕೆ ಸುಣ್ಣದಲ್ಲಿ ಗೆರೆ ಎಳೆದು ಇಟ್ಟುಕೊಂಡರು. ಆ ಮಗುವಿನ ಅಮ್ಮನಿಗೂ ಅದನ್ನ ಹೇಳಿದರು. ನಾನಾಗಿದ್ದರೆ ಹೇಳ್ತಿರಲಿಲ್ಲ ಅನ್ಸುತ್ತೆ.

ಅನ್ಸುತ್ತೆ ಏನು, ಹೇಳಿರಲಿಲ್ಲ.

ಹಸಿರು ಗೇಟಿನಲ್ಲಿ ಬಿಡೋಕೆ ಶುರು ಮಾಡಿದ ಎರಡನೇ ತಿಂಗಳು. ಬೆಳಿಗ್ಗೆ ಏಳಕ್ಕೆ ಮಗಳ ಮೈ ಮುಟ್ಟಿದರೆ ಕಾವು. ಥರ್ಮಾಮೀಟರ್ 100.6. ಅವತ್ತು ಅಂಗಡಿಯಲ್ಲಿ ಸ್ಟಾಕ್ ಲೆಕ್ಕ, ಇನ್ನೊಬ್ಬ ಹುಡುಗ ರಜೆ, ಯಜಮಾನ್ರು ರಾತ್ರಿ ಪಾಳಿ ಮುಗಿಸಿ ಇನ್ನೂ ಬಸ್ಸಲ್ಲಿ. ಎಂಟು ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್. ಕುಡಿಸಿದೆ, ಎಂಟೂವರೆಗೆ ಮೈ ತಣ್ಣಗಾಗಿತ್ತು, ಹಸಿರು ಗೇಟಿನಲ್ಲಿ ಬಿಟ್ಟು ಬಂದೆ. ಜ್ವರ ಅಂತ ಹೇಳಲಿಲ್ಲ. ಹೇಳಿದರೆ ತಗೊಳ್ಳೋದಿಲ್ಲ. ಇದನ್ನ ನಾನೊಬ್ಬಳೇ ಮಾಡಿದ್ದೇನೆ ಅಂತ ನನಗೇನೂ ಅನ್ಸಲ್ಲ. ನಮ್ಮ ಕೌಂಟರ್‌ಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಮಗುವನ್ನ ಸ್ಕೂಲ್ ಯೂನಿಫಾರ್ಮಿನಲ್ಲೇ ಎತ್ತಿಕೊಂಡು ಬಂದು ಜ್ವರದ ಸಿರಪ್ ಕೇಳೋರನ್ನ ದಿನಾ ನೋಡ್ತೀನಿ.

ಹತ್ತೂವರೆಗೆ ಮತ್ತೆ ಜ್ವರ ಏರಿದೆ. ಅಕ್ಕನ ಹತ್ತಿರ ನಾನೇ ಮೊದಲ ವಾರ ಕೊಟ್ಟಿದ್ದ ಬಾಟಲಿ, ಅದರ ಮೇಲೆ ನನ್ನದೇ ಕೈಬರಹ: "100 ದಾಟಿದರೆ 5 ಎಂ.ಎಲ್." ಬರೆದಂಗೆ ಕೊಟ್ಟಿದ್ದಾರೆ. ಕೊಟ್ಟು ನನಗೆ ಫೋನ್ ಮಾಡಿದ್ದಾರೆ. ಎರಡು ಡೋಸಿನ ನಡುವೆ ಕಮ್ಮಿ ಅಂದ್ರೂ ನಾಲ್ಕು ತಾಸು ಇರಬೇಕು, ಎರಡೂವರೆ ತಾಸಷ್ಟೇ ಆಗಿತ್ತು. ಕೈಯಲ್ಲಿದ್ದ ಕತ್ತರಿ ಹಾಗೇ ಇಟ್ಟೆ. ಇದೇ ಔಷಧದ ಮೇಲೆ ದಿನಕ್ಕೆ ಮೂವತ್ತು ಸಲ ಪೆನ್ನಲ್ಲಿ ಗೀಟು ಹಾಕಿ "ನೋಡಮ್ಮಾ, ಮತ್ತೆ ಕೊಡೋ ಮುಂದೆ ಗಡಿಯಾರ ನೋಡು" ಅಂತ ಹೇಳಿ ಕಳಿಸೋಳು ನಾನು.

ಡಾಕ್ಟರಿಗೆ ಫೋನ್ ಮಾಡಿದೆ. ಮಗುವಿನ ತೂಕ ಒಂಬತ್ತು ಕೆ.ಜಿ., ಒಂದು ಡೋಸು ಬೇಗ ಬಿದ್ದಿದ್ದಕ್ಕೆ ಅಪಾಯ ಇಲ್ಲ, ಸಂಜೆ ತನಕ ಮತ್ತೆ ಕೊಡಬೇಡಿ, ನೀರು ಕುಡಿಸ್ತಾ ಇರಿ ಅಂದ್ರು. ಆಟೋ ಹಿಡಿದು ಹೋದೆ. ಅಕ್ಕ ಬೇರೆ ನಾಲ್ಕು ಮಕ್ಕಳನ್ನ ಹಾಲ್‌ನಲ್ಲಿ ಬಿಟ್ಟು ನನ್ನ ಮಗಳನ್ನ ಒಳಕೋಣೆಯಲ್ಲಿ ಒಬ್ಬಳೇ ಮಲಗಿಸಿ, ಬಾಗಿಲಲ್ಲಿ ಕೂತು ಎರಡೂ ಕಡೆ ನೋಡ್ತಿದ್ದರು. ಬೈತಾರೆ ಅಂದುಕೊಂಡಿದ್ದೆ. "ಜ್ವರ ಮುಚ್ಚಿಟ್ರಿ, ಅದು ಹೋಗ್ಲಿ, ಎಲ್ಲಾರೂ ಮುಚ್ಚಿಡ್ತಾರ. ಆದ್ರ ಎರಡನೇ ಸಲ ಔಷಧ ನನ್ನ ಕೈಲಿ ಹಾಕಿಸಿದ್ರಲ್ಲ" ಅಂದ್ರು. ಅಷ್ಟೇ. ನಾನು ಮಗಳನ್ನ ಎತ್ತಿಕೊಂಡು ಗೇಟು ದಾಟೋವರೆಗೆ ಇಬ್ಬರೂ ಮಾತಾಡಲಿಲ್ಲ.

ಮರುದಿನದಿಂದ ಪುಸ್ತಕದಲ್ಲಿ ಹೊಸ ಗೆರೆ ಬಂದಿತ್ತು, ಐದೂ ಮಕ್ಕಳಿಗೆ: "ಮನೆಯಲ್ಲಿ ಕೊಟ್ಟ ಔಷಧ, ಎಷ್ಟು ಗಂಟೆಗೆ, ಸಹಿ." ಔಷಧ ಇಲ್ಲದಿದ್ದರೂ ಇಲ್ಲ ಅಂತ ಬರೆದು ಸಹಿ ಹಾಕಬೇಕು. ಮಿಕ್ಕ ನಾಲ್ವರಿಗೆ "ನಿನ್ನೆ ಒಂದು ಮಗೂಗೆ ಜ್ವರ ಇತ್ತು, ನಿಮ್ಮದನ್ನ ಮೂರು ದಿನ ನೋಡ್ಕೊಳ್ರಿ" ಅಂದ್ರಂತೆ. ಯಾವ ಮಗು ಅಂತ ಹೇಳಲಿಲ್ಲ. ನಾನು ತಪ್ಪಿಗೆ ದಂಡ ಕಟ್ಟೋ ಹಾಗೆ ಒಂದು ಕೆಲಸ ಮಾಡಿಕೊಟ್ಟೆ. ಐದು ಮನೆಯವರು ಕೊಟ್ಟ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದು ಡ್ರಾಪ್ಸ್, ಮಿಕ್ಕವು ಸಿರಪ್. ಡ್ರಾಪ್ಸ್ ಅಂದ್ರೆ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ, ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120, ಇಲ್ಲಾ 250. ಡ್ರಾಪ್ಸನ್ನ ಸಿರಪ್ ಅಂದುಕೊಂಡು 5 ಎಂ.ಎಲ್. ಹಾಕಿದರೆ ದೊಡ್ಡವರ ಮಾತ್ರೆಯಷ್ಟು ಒಳಗೆ ಹೋಯ್ತು. ಈಗ ಅಲ್ಲಿ ಒಂದೇ ಥರದ್ದು ಇರ್ತದೆ, ಪ್ರತಿಯೊಂದರ ಮೇಲೆ ಮಗುವಿನ ಹೆಸರು, ತೂಕ, ಅಳತೆ. ಅದೂ ನನಗೆ ಫೋನ್ ಮಾಡಿದ ಮೇಲೇ ಕೊಡೋದು. ಬರೆದಿಟ್ಟಿದ್ದನ್ನ ನಂಬಿ ಕೊಡೋದು ಅವತ್ತಿಗೇ ಮುಗೀತು.

ಐವತ್ತು ರೂಪಾಯಿ ಜಗಳ ಹೇಳದಿದ್ದರೆ ರಿವ್ಯೂ ಪೂರ್ತಿ ಆಗಲ್ಲ. ಸುಧಾ ಕ್ರಾಸ್ ರೈಲ್ವೆ ಗೇಟು ಬಿದ್ದರೆ ಗೊತ್ತಲ್ಲ, ಅದಿರು ತುಂಬಿದ ಗೂಡ್ಸ್ ಬಂತು ಅಂದ್ರೆ ಡಬ್ಬಿ ಎಣಿಸ್ತಾ ನಿಲ್ಲೋದೇ. ಒಂದು ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ತಲುಪಿದೆ. ಅಕ್ಕ ಪುಸ್ತಕದಲ್ಲಿ "ತಡ, 50" ಅಂತ ಬರೆದು ಮಗಳನ್ನ ಕೊಟ್ಟರು. "ರೈಲು ನಾನು ಓಡಿಸ್ತೀನಾ?" ಅಂದುಬಿಟ್ಟೆ. "ನಾನೂ ಓಡ್ಸಂಗಿಲ್ಲ" ಅಂದ್ರು.

ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ನಾನು ಬೇಗ ಹೋದೆ, ಒಳಕೋಣೆ ಬಾಗಿಲು ತೆರೆದಿತ್ತು. ಮಂಡಿಯೆತ್ತರ ಜೀನ್ಸ್ ಪ್ಯಾಂಟಿನ ಗಂಟುಗಳು. ನಮ್ಮ ಬಳ್ಳಾರಿ ಜೀನ್ಸು ಊರೂರಿಗೆ ಹೋಗ್ತದೆ ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, ಅದರ ಹೊಲಿಗೆಯಿಂದ ಇಳಿಬಿದ್ದ ದಾರ ಕತ್ತರಿಸೋದು ಇಂಥ ಮನೆಗಳಲ್ಲಿ. ಮಕ್ಕಳು ಹೋದಮೇಲೆ ಅಕ್ಕ, ಅವರ ನಾದಿನಿ ಕೂತು ಪೀಸ್ ಲೆಕ್ಕದ ಮೇಲೆ ದಾರ ಕತ್ತರಿಸ್ತಾರೆ, ರಾತ್ರಿ ಗಂಟು ತಗೊಂಡು ಹೋಗೋಕೆ ಹುಡುಗ ಬರ್ತಾನೆ. ಕತ್ತರಿಗಳು ಮಕ್ಕಳಿರೋ ಹೊತ್ತಲ್ಲಿ ಬೀಗ ಹಾಕಿದ ಟ್ರಂಕಿನಲ್ಲಿ. ಅಂದ್ರೆ ನನ್ನ ಮಗಳು ಹೋಗೋವರೆಗೆ ಟ್ರಂಕು ತೆರೆಯೋ ಹಾಗಿಲ್ಲ. ನಾನು ಗೂಡ್ಸ್ ಡಬ್ಬಿ ಎಣಿಸೋ ಹೊತ್ತಲ್ಲಿ ಅಲ್ಲಿ ಪ್ಯಾಂಟು ಎಣಿಕೆ ತಪ್ಪೋದು. ಇದನ್ನ ಮೊದಲೇ ಹೇಳಿದ್ದರೆ ನಾನು ಹಾಗೆ ಮಾತಾಡ್ತಿರಲಿಲ್ಲ ಅಂದೆ. "ನನ್ನ ಬಡತನ ಹೇಳಿ ನಿಮ್ಮನ್ನ ಟೈಮಿಗೆ ಕರೆಸ್ಬೇಕೇನ್ರಿ?" ಅಂದ್ರು. ಆವತ್ತಿನಿಂದ ಗೇಟು ಬಿದ್ದ ಕೂಡಲೇ ಅಲ್ಲಿಂದಲೇ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಐವತ್ತು ಕೊಡ್ತೀನಿ, ಆಕೆ ತಗೊಳ್ತಾರೆ. ಮಾಫಿ ಮಾಡಿ ಅಂತ ಮತ್ತೆ ಕೇಳಿಲ್ಲ.

ಭಾಷೆದೊಂದು ತಮಾಷೆ. ಮಗಳು ಹದಿನೈದು ತಿಂಗಳಿಗೆ ಲೋಟ ತೋರಿಸಿ "ನೀಳ್ಳು" ಅಂದಳು. ಬಳ್ಳಾರಿಯಲ್ಲಿ ಅರ್ಧ ಓಣಿ ತೆಲುಗು, ನಮಗೇನೂ ಅನ್ನಿಸಲಿಲ್ಲ, ಆದರೆ ಕೊಪ್ಪಳದಿಂದ ಬಂದ ನಮ್ಮತ್ತೆ ಕೈಯಲ್ಲಿದ್ದ ಎಲೆಅಡಿಕೆ ಕೆಳಗಿಟ್ಟರು. ಅಕ್ಕನಿಗೆ ಹೇಳಿದೆ, ಮೆಲ್ಲಗೆ. ಮನೆಮಾತು ತೆಲುಗು, ಅದನ್ನ ಬಿಡೋಕಾಗಲ್ಲ, ಎರಡೂ ಹೇಳ್ತೀನಿ ಅಂದ್ರು. ಈಗ ಮಗಳು ಅಲ್ಲಿ ನೀಳ್ಳು, ಇಲ್ಲಿ ನೀರು, ಅತ್ತೆ ಎದುರಿಗೆ ಬೇಕಂತಲೇ ನೀಳ್ಳು.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ, ರಜೆ. ಯುಗಾದಿ, ದುರ್ಗಮ್ಮನ ಸಿಡಿಬಂಡಿ ಜಾತ್ರೆ, ದೀಪಾವಳಿ, ಇವೆಲ್ಲ ಸರಿ, ಇಡೀ ಊರೇ ರಜೆ. ಆದರೆ ಸುಗ್ಗಿಯಲ್ಲಿ ತವರಿಗೆ ಅಂತ ಒಟ್ಟಿಗೆ ಎಂಟು ದಿನ ಹೋಗ್ತಾರೆ. ಒಂದು ತಿಂಗಳು ಮುಂಚೆ ಹೇಳ್ತಾರೆ ನಿಜ, ಆ ಎಂಟು ದಿನಕ್ಕೂ ಪೂರ್ತಿ ಫೀಸು, ಬದಲಿ ಯಾರೂ ಇಲ್ಲ. ಹೋದ ಸಲ ನಾನು ಐದು ದಿನ ಸಂಬಳ ಕಳಕೊಂಡೆ. ಫೀಸಿನಲ್ಲಿ ಅರ್ಧ ಬಿಡಿ ಅಂತ ಕೇಳಿದೆ. "ನಿಮಗೆ ನಿಮ್ಮ ಓನರ್ ರಜೆಗೆ ಸಂಬಳ ಕೊಡಂಗಿಲ್ಲಂದ್ರೆ ಅದು ನನ್ನ ತಪ್ಪಾ?" ಅಂದ್ರು. ತಪ್ಪಲ್ಲ, ಆದರೂ ನನಗೆ ಕಷ್ಟವೇ, ಸ್ಟಾರ್ ವಾಪಸ್ ಕೊಡಲ್ಲ. ಇನ್ನೊಂದು, ಮಾಳಿಗೆ ಮೆಟ್ಟಿಲಿಗೆ ಬಾಗಿಲಿಲ್ಲ, ಅಡ್ಡ ಹಲಗೆ ಇಡ್ತಾರೆ. ನನ್ನ ಮಗಳು ಆ ಹಲಗೆ ಹತ್ತೋದು ಕಲಿತಿದ್ದಾಳೆ. ಐದು ಮನೆಯವರು ಸೇರಿ ಕಬ್ಬಿಣದ ಸಣ್ಣ ಗೇಟು ಮಾಡಿಸೋಣ ಅಂತ ಮಾತಾಗಿದೆ, ಮೂರು ಮನೆಯ ದುಡ್ಡು ಬಂದಿದೆ. ಬಾಕಿ ಇಬ್ಬರು ಇದನ್ನ ಓದಿದರೆ ದಯವಿಟ್ಟು ನೋಡಿ.

ಫೋನ್ ವಿಷಯದಲ್ಲಿ ಸ್ವಲ್ಪ ಸಡಿಲ ಆಗಿದ್ದಾರೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಒಂದು ವಾಯ್ಸ್ ಮೆಸೇಜು ಬರ್ತದೆ, ಹತ್ತು ಸೆಕೆಂಡು, ಪಿಸುಮಾತಲ್ಲಿ: "ತಿಂದಳ, ಮಲಗ್ಯಾಳ." ಹಿಂದೆ ಫ್ಯಾನಿನ ಕಟಕಟ. ಕೌಂಟರ್‌ನಲ್ಲಿ ಎಷ್ಟೇ ರಶ್ ಇದ್ದರೂ ಫೋನನ್ನ ಕಿವಿಗೆ ಹಿಡಿದು ಕೇಳ್ತೀನಿ.

ಜೂನ್‌ನಲ್ಲಿ ದೊಡ್ಡ ಹುಡುಗ ಎಲ್‌ಕೆಜಿಗೆ ಹೋಗ್ತಾನೆ, ಒಂದು ಜಾಗ ಖಾಲಿ ಆಗುತ್ತೆ. ಬೇಕಾದವರು ನನಗೆ ಮೆಸೇಜ್ ಮಾಡಿ, ಅಕ್ಕನನ್ನ ಕೇಳಿ ನಂಬರ್ ಕೊಡ್ತೀನಿ. ಲಸಿಕೆ ಕಾರ್ಡ್ ತಗೊಂಡು ಹೋಗಿ, ಮುಕ್ಕಾಲು ತಾಸು ಬಿಡುವು ಮಾಡಿಕೊಂಡು ಹೋಗಿ. ಒಂದರಿಂದ ಮೂರರವರೆಗೆ ಮಾತ್ರ ಬೆಲ್ ಒತ್ತಬೇಡಿ, ಮಲಗಿರ್ತಾವೆ.